ಹುಳದ ಮನೆಯ ಬಾಗಿಲು

ಮರಳವಾಡಿಯ ಕಾವೇರಮ್ಮನ ಹುಳದ ಮನೆಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ಹೆತ್ತ ಮಗಳು ನವ್ಯಶ್ರೀ ಕೂಡ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ರೇಷ್ಮೆ ಹುಳು ಸಾಕುವವರಿಗೆಲ್ಲ ಈ ಮಡಿ ಇದ್ದದ್ದೇ. ಕಾವೇರಮ್ಮನದು ಒಂದು ಕೈ ಹೆಚ್ಚು. ಹೊರಗಿನ ಕಾಲಿನ ಜೊತೆ ರೋಗ ಒಳಗೆ ಬಂದರೆ ಬೆಳೆ ಪೂರ್ತಿ ಹೋದಂತೆಯೇ.

ಹೋದ ವರ್ಷ ದೊಡ್ಡ ಕರೆಂಟ್ ಲೈನಿನ ಸರ್ವೆಯವರು ಬಂದಾಗಲೂ ಆಕೆ ಬಾಗಿಲಿಗೆ ಅಡ್ಡ ನಿಂತಿದ್ದಳು. "ಒಳಿಕ್ಕೆ ಬರಂಗಿಲ್ಲ, ಅಲ್ಲೇ ನಿಂತ್ಕಳಿ!" ಎಂದು ಗದರಿದ್ದಳು. ಒಳಗೆ ನೋಡದೆ ಅವರಾದರೂ ಏನು ಬರೆದಾರು? ಪಟ್ಟಿಯಲ್ಲಿ 'ಖಾಲಿ ಶೆಡ್' ಎಂದು ಗೀಚಿ ಹೊರಟುಹೋದರು.

ಈಗ ಟವರು ಎದ್ದು ನಿಂತಿತ್ತು. ತಂತಿ ಹಾಯುವ ದಾರಿಯಲ್ಲೇ ಹುಳದ ಮನೆ. ಕೆಡವಲು ಜೆಸಿಬಿ ತಂದ ಅಧಿಕಾರಿ ಜಯಕುಮಾರ್ ಮುಂದೆ ಕಾವೇರಮ್ಮ ಕೈಮುಗಿದಳು.

"ಎಂಟೇ ದಿನ ಸಾ. ಹುಳು ನಾಲ್ಕನೇ ಸಲ ಪೊರೆ ಬುಟ್ಟವೆ. ಎಂಟು ದಿನಕ್ಕೆ ಗೂಡು ಕಟ್ಟಕ್ಕೆ ಸುರು ಮಾಡ್ತವೆ. ಬಿದಿರಿನ ಚಂದ್ರಿಕೆಗೆ ಹಾಕಿ ಮನೆ ಪಡಸಾಲೇಲಿ ಮಡೀಕತ್ತೀನಿ."

"ಪಟ್ಟೀಲಿ ಹುಳಾನೇ ಇಲ್ವಲ್ಲಮ್ಮ. ಹೊಸ ಕಾಯ್ದೆ ಬಂದಿದೆ, ಪಟ್ಟೀಲಿ ಇರೋದಕ್ಕೆ ಮಾತ್ರ ಗಡುವು, ಪರಿಹಾರ. ಲೈನ್ ತಡವಾದ್ರೆ ಅದರ ಖರ್ಚು ಜನರ ಕರೆಂಟ್ ಬಿಲ್‌ಗೆ ಬೀಳುತ್ತೆ."

ಇಡೀ ರಾಜ್ಯದ ಬಿಲ್ಲನ್ನು ತಂದು ಒಬ್ಬ ಹೆಂಗಸಿನ ತಲೆಗೆ ಕಟ್ಟುವುದೆಂದರೆ ಇದೇ. ಪಕ್ಕದ ಬೈರಮ್ಮನ ಹುಳದ ಮನೆಗೆ ಸಾಗಿಸೋಣವೆಂದರೆ, ಬೇರೆಯವರ ಹುಳುವನ್ನು ಯಾರು ತಾನೇ ಒಳಗೆ ಬಿಟ್ಟುಕೊಳ್ಳುತ್ತಾರೆ? ಕಾವೇರಮ್ಮನೇ ಆಗಿದ್ದರೆ ಬಿಡುತ್ತಿದ್ದಳೇ?

ಜಯಕುಮಾರ್ ಕೆಟ್ಟವನೇನಲ್ಲ. ಸ್ವಲ್ಪ ಯೋಚಿಸಿ, "ಹುಳು ಇರೋದನ್ನ ನಾವೇ ನೋಡಿ ಫೋಟೋ ತೆಗೀಬೇಕು. ಆಗ ಪಟ್ಟಿ ತಿದ್ದಿಸಬಹುದು," ಎಂದ.

ಅವನ ಹಿಂದೆ ಐದು ಜನ, ಐವರ ಬೂಟಿನಲ್ಲೂ ಕೆಸರು. 'ಬೂಟು ಬಿಚ್ಚಿ' ಎನ್ನಲು ಕಾವೇರಮ್ಮ ಬಾಯಿ ತೆರೆದಳು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಹೆದರಿ ಮಾತು ನುಂಗಿಕೊಂಡಳು.

"ಬನ್ನಿ ಸಾ," ಎಂದು ಪಕ್ಕಕ್ಕೆ ಸರಿದಳು. ಅವರು ತಟ್ಟೆಗಳನ್ನು ಎಳೆದು ನೋಡಿದರು. ಒಬ್ಬ ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು ನಕ್ಕ. ಎಂಟು ದಿನದ ಗಡುವು ಸಿಕ್ಕಿತು.

ಅವರು ಹೋದ ಮೇಲೆ ನೆಲವನ್ನೆಲ್ಲ ಬ್ಲೀಚಿಂಗ್ ನೀರಲ್ಲಿ ಒರೆಸಿ ಸುಣ್ಣ ಉದುರಿಸಿದಳು. ಐದನೇ ದಿನ ಬೆಳಿಗ್ಗೆ ಹುಳುಗಳು ಊದಿಕೊಂಡು ತಟ್ಟೆಯ ಅಂಚಿಗೆ ಹರಿಯುತ್ತಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು. ಹಾಲುತೊಂಡೆ ರೋಗ. ಏಳನೇ ದಿನ ಗಂಡ ಬೋರಲಿಂಗಯ್ಯ ಹಿಪ್ಪುನೇರಳೆ ತೋಟದಾಚೆ ಗುಂಡಿ ತೋಡಿದ. ಅವಳು ಹುಳುಗಳನ್ನೆಲ್ಲ ತಟ್ಟೆ ತಟ್ಟೆಯಾಗಿ ಸುರಿದು ಸುಣ್ಣ ಹಾಕಿದಳು. ಟವರಿನ ಮೇಲಿನದಕ್ಕಿಂತ ತನ್ನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು. ಅಂದು ಬಾಗಿಲು ತೆರೆಯದೆ ಕೆಟ್ಟಳು, ಇಂದು ತೆರೆದು ಕೆಟ್ಟಳು.

ಎಂಟನೇ ದಿನ ಜಯಕುಮಾರ್ ಹೇಳಿದ ಹೊತ್ತಿಗೇ ಬಂದ. "ಪಟ್ಟಿ ತಿದ್ದಿಸ್ಕೊಂಡು ಬಂದಿದೀನಮ್ಮ. ಹುಳು ಇದೆ ಅಂತ ಬರೆದಿದೆ," ಎಂದು ಖುಷಿಯಿಂದ ಕಾಗದ ತೋರಿಸಿದ. ಬಾಗಿಲ ಬಳಿಯ ಬ್ಲೀಚಿಂಗ್ ನೀರು ಈಗ ಕಣ್ಣಿಗೆ ಬಿತ್ತೇನೋ, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

"ಬುಡಿ ಸಾ, ಹಾಕ್ಕಂಡೇ ಬನ್ನಿ," ಎಂದಳು ಕಾವೇರಮ್ಮ. "ಈಗ ಖಾಲಿ ಐತೆ."