ಅಪ್ಪನ ಪರವಾಗಿ ಮೂಸಿದ್ದು

ನಾನು ಹೇಳಿದ್ದು ಒಂದೇ ಸುಳ್ಳು. ಆದರೆ ಅದನ್ನೇ ಪ್ರತಿ ಭಾನುವಾರ ಹೊಸದಾಗಿ ಹೇಳಬೇಕಾಯಿತು.

ನಮ್ಮಪ್ಪ ಕ್ಲೀಟಸ್, ಅಮೆರಿಕದ ಓವೆನ್ಸ್‌ಬರೊ ಊರಿನ ನಮ್ಮ ಚರ್ಚಿನ ಬೇಸಿಗೆ ಊಟಕ್ಕೆ ನಲವತ್ತು ವರ್ಷ ಹಿಕರಿ ಮರದ ಸೌದೆಯ ಕೆಂಡದ ಮೇಲೆ ಕುರಿಮಾಂಸ ಸುಟ್ಟವರು. ಹೋದ ಚಳಿಗಾಲದಲ್ಲಿ ಬಂದ ಜ್ವರ ಅವರ ಮೂಗಿನ ಶಕ್ತಿಯನ್ನು ಕಸಿದುಕೊಂಡು ಹೋಯಿತು. ವಾಸನೆ ಇಲ್ಲವೆಂದ ಮೇಲೆ ರುಚಿಯೂ ಅಷ್ಟಕ್ಕಷ್ಟೆ. ಅದರ ಬೆನ್ನಿಗೇ, ಎಣ್ಣೆ ಡ್ರಮ್ಮು ಸೀಳಿ ಅವರೇ ಮಾಡಿದ್ದ ಹಿತ್ತಲಿನ ಒಲೆ ತಳ ತೂತಾಗಿ ಕೂತಿತು.

ಹೊಸದು ಕೊಳ್ಳಲು ಇಬ್ಬರೂ ಹೋದೆವು. ಅಂಗಡಿಯವನು ಹೊರಗೆ ಮಾಂಸ ಸುಡುವ ಎರಡು ಗ್ರಿಲ್ ಒಲೆ ಹಚ್ಚಿಟ್ಟಿದ್ದ. ಒಂದು ದಪ್ಪ ಕಬ್ಬಿಣದ್ದು, ಸೌದೆ ಹಾಕುವಂಥದ್ದು. ಇನ್ನೊಂದು ಫಳಫಳ ಹೊಳೆಯುವ ಗ್ಯಾಸಿನದು. ಅದರೊಳಗೆ ಪುಟ್ಟ ಡಬ್ಬಿಯಲ್ಲಿ ಹಿಕರಿ ಚಕ್ಕೆ ಹೊಗೆಯಾಡುತ್ತಿತ್ತು.

"ಬರ್ನೀಸ್, ಬಾರಮ್ಮ ಇಲ್ಲಿ," ಎಂದರು ಅಪ್ಪ. "ನನ್ನ ಮೂಗು ಈಗ ಮುಖಕ್ಕೆ ಅಂದ, ಅಷ್ಟೆ. ನೀನೇ ಮೂಸಿ ಹೇಳು. ನಾಲ್ಕು ಜನಕ್ಕೆ ಬಡಿಸಿದ್ರೆ ಇದು ಕ್ಲೀಟಸ್ ಕೈರುಚಿ ಅನ್ಬೇಕು. ಎರಡೂ ಒಂದೇನಾ?"

ಒಂದೇ ಅಲ್ಲ. ಸೌದೆಯದು ನನ್ನ ಬಾಲ್ಯದ ವಾಸನೆ. ಗ್ಯಾಸಿನದು ಬರೀ ಹೊಗೆ. ಆದರೆ ಸೌದೆ ಹೊರುವವರು ಯಾರು, ಎಂಟು ಗಂಟೆ ಕೆಂಡ ಕಾಯುವವರು ಯಾರು, ಬೂದಿ ಬಾಚುವವರು ಯಾರು? ಕೈ ನಡುಗುವ ಅಪ್ಪನಲ್ಲ, ನಾನು. ವಾರವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತು ದುಡಿಯುವ ನನಗೆ ಇರುವುದೊಂದು ಭಾನುವಾರ.

"ಒಂದೇ ಅಪ್ಪ," ಎಂದೆ. "ಚೂರೂ ವ್ಯತ್ಯಾಸ ಇಲ್ಲ."

"ನೀನು ಹೇಳಿದ ಮೇಲೆ ಮುಗೀತು," ಎಂದು ಅವರು ಗ್ಯಾಸಿನದನ್ನೇ ಕೊಂಡರು.

ಅಂದಿನಿಂದ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದವರೇ ಗುಂಡಿ ತಿರುಗಿಸಿ, ಮಾಂಸ ಇಟ್ಟು, ಕಿಟಕಿಯತ್ತ ಕೂಗುವರು: "ವಾಸನೆ ಬರ್ತಿದೆಯೇನೇ?"

"ಬರ್ತಿದೆ ಅಪ್ಪ!"

ಅಷ್ಟಕ್ಕೇ ಅವರ ಮುಖ ಅರಳುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ಪಾತ್ರೆಯತ್ತ ತಿರುಗಿಕೊಳ್ಳುತ್ತಿದ್ದೆ. ಥೂ, ಸ್ವಂತ ಅಪ್ಪನಿಗೇ ಮೋಸ ಮಾಡುವುದೇ!

ಆಗಸ್ಟಿನಲ್ಲಿ ಅಪ್ಪ ಅಂಬ್ರೋಸ್ ಮಾಮನನ್ನು ಊಟಕ್ಕೆ ಕರೆದರು. ಅಷ್ಟೂ ವರ್ಷ ಅಪ್ಪನ ಪಕ್ಕದಲ್ಲೇ ಕೆಂಡ ಕಾದವರು ಅವರು. ಒಂದೇ ತುತ್ತಿಗೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಊಟದ ಹಿಂದಿನ ದಿನವೇ ಮಾಮನಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

"ಚೆನ್ನಾಗಿದೆ ಅಂದ್ಬಿಡಿ ಮಾಮ, ನಿಮ್ಮ ಕಾಲಿಗೆ ಬೀಳ್ತೀನಿ."

"ನೀನು ಮಾಡಿದ ಪಾಪಕ್ಕೆ ನಾನ್ಯಾಕೆ ಪಾಲುದಾರ ಆಗ್ಬೇಕು?" ಎಂದು ಬೈದರು. ಕೊನೆಗೆ ಒಪ್ಪಿದರು.

ಮರುದಿನ ಮಾಮ ಮೊದಲ ತುಂಡು ಅಗಿದು ಕಣ್ಣು ಮುಚ್ಚಿಕೊಂಡರು. "ಭೇಷ್ ಕ್ಲೀಟಸ್! ಎಂಥಾ ಹದ, ಎಂಥಾ ಹೊಗೆ! ಬಹಳ ಚೆನ್ನಾಗಿದೆ ಕಣೋ."

ಅಪ್ಪನ ಕೈಯಲ್ಲಿದ್ದ ಫೋರ್ಕು ಅಲ್ಲೇ ನಿಂತಿತು. ಖುಷಿಯಾಯಿತೆಂದುಕೊಂಡೆ.

"ನಲವತ್ತು ವರ್ಷ ನಾನು ಸುಟ್ಟ ಮಾಂಸ ತಿಂದಿದ್ದೀಯ ಅಂಬ್ರೋಸ್," ಎಂದರು ನಿಧಾನವಾಗಿ. "‘ಚಪ್ಪಲಿ ಸುಟ್ಟಿದ್ದೀಯೇನೋ’ ಅಂತ ನೀನು ನನ್ನನ್ನ ಬೈದು ಎರಡನೇ ಸಲ ಬಡಿಸ್ಕೋತಿದ್ದೆ. ಕೆಂಡದ ಮುಂದೆ ನಿಂತ ಯಾರೂ ಇನ್ನೊಬ್ಬನನ್ನ ಹೊಗಳಲ್ಲ. ಕೆಡಿಸ್ಕೊಂಡೋನಿಗೆ ಮಾತ್ರ ಸಮಾಧಾನ ಹೇಳ್ತೀವಿ."

ಮಾಮ ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಪ್ಪನಿಗೆ ಅಷ್ಟು ಸಾಕಾಯಿತು.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ವಾರವೆಲ್ಲ ನಿಂತು ನಿಂತು ಅವಳ ಕಾಲು ಊದಿರುತ್ತೆ ಪಾಪ," ಎಂದರು, ನನಗಲ್ಲ, ಮಾಮನಿಗೆ. "ಕೈಲಾಗಲ್ಲ ಅಪ್ಪ ಅಂದಿದ್ರೆ ಗ್ಯಾಸಿಂದೇ ನಾನಾಗಿ ತಗೊಳ್ತಿದ್ದೆ."

ಮುಂದಿನ ಭಾನುವಾರ ಅಪ್ಪ ಎಂದಿನಂತೆ ಗುಂಡಿ ತಿರುಗಿಸಿದರು, ಮಾಂಸ ಇಟ್ಟರು, ಮುಚ್ಚಳ ಹಾಕಿ ಕುರ್ಚಿಯಲ್ಲಿ ಕೂತರು. ನಾನು ಪಾತ್ರೆ ಬಿಟ್ಟು ಕಿಟಕಿಯ ಹತ್ತಿರವೇ ನಿಂತಿದ್ದೆ. ಈ ಸಲ ನಿಜ ಹೇಳಬೇಕೆಂದು ಮಾತು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ.

ಅವರು ಕೂಗಿ ಕೇಳಲೇ ಇಲ್ಲ.