ಚಿವುಟಿ ನೋಡುವ ದಿನ

ಕತ್ತರಿ ಮಾಮ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅವನ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರ ತಲೆ ಮೇಲೆ ಎರಡು ಕೈ ಇಟ್ಟನೆಂದರೆ, ಮನೆಯಲ್ಲಿ ಜಗಳ ಆಡಿ ಬಂದವರೂ ಗೊರಕೆ ಹೊಡೆಯುತ್ತಿದ್ದರು. ಅಂಥವನ ಹೆಂಡತಿಗೇ ಚರ್ಮ ಗಟ್ಟಿಯಾಗುವ ಕಾಯಿಲೆ ಬಂತು.

ಮೊದಲು ಹಿಡಿದದ್ದು ಬೆರಳನ್ನು. ತಣ್ಣೀರು ಮುಟ್ಟಿದರೆ ಸಾಕು, ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿ ಆಮೇಲೆ ನೀಲಿ ತಿರುಗುತ್ತಿತ್ತು. ಬರಬರುತ್ತ ಕೈ, ಮುಖ, ಎದೆ ಎಲ್ಲ ಬಿಗಿದುಕೊಂಡಿತು, ಒಂದು ಅಳತೆ ಚಿಕ್ಕದಾದ ರವಿಕೆ ತೊಟ್ಟ ಹಾಗೆ. ಬಾಯಿ ಅಗಲ ತೆರೆಯದು, ತುತ್ತು ಚಿಕ್ಕದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ದೊಡ್ಡಾಸ್ಪತ್ರೆಯವರು ಅದಕ್ಕೆ ಸ್ಕ್ಲೆರೋಡರ್ಮಾ ಅಂದರು. “ಎಂಥಾ ಹೆಸರು ನೋಡಿ. ಇರೋ ಇಷ್ಟು ಬಾಯಲ್ಲಿ ಅದು ಹೊರಗೆ ಬರೋದಾದ್ರೂ ಹೇಗೆ?” ಎಂದಳು ಹೆಂಡತಿ.

ಅಲ್ಲಿ ಒಬ್ಬ ಡಾಕ್ಟರಮ್ಮ ಆ ಕಾಯಿಲೆಗೆ ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಸೇರಿಕೊಂಡರು. ಆಗಾಗ ಹೋಗಬೇಕು. ಡಾಕ್ಟರಮ್ಮ ಬೆರಳು, ತೋಳು, ಕೆನ್ನೆ, ಎದೆ, ಕಾಲು ಅಂತ ಒಂದೊಂದು ಕಡೆ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಚಿವುಟಿ ನೋಡಿ ನಂಬರು ಹೇಳುವರು. ನರ್ಸಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುವಳು. ಮೊದಲ ದಿನ “ಮೂರು, ಮೂರು, ಇಲ್ಲೂ ಮೂರು” ಅಂತಲೇ ಹೇಳಿದರು.

“ನೋಡಿದ್ರಾ? ಎಲ್ಲದರಲ್ಲೂ ಮೂರಕ್ಕೆ ಮೂರು! ಸ್ಕೂಲಲ್ಲಿ ಬರದೇ ಇದ್ದದ್ದು ಈಗ ಬಂತು,” ಎಂದು ಹೆಂಡತಿ ಹೊರಗಿನ ಬೆಂಚಿನಲ್ಲಿ ಬೀಗಿದಳು.

ನರ್ಸಮ್ಮ ಕೇಳಿಸಿಕೊಂಡು ನಕ್ಕಳು. “ಅಯ್ಯೋ ಅಮ್ಮಾ, ಇಲ್ಲಿ ಸೊನ್ನೆ ತಗೊಂಡವರೇ ಜಾಣರು. ಮೂರು ಅಂದ್ರೆ ಚರ್ಮ ಎತ್ತೋಕೇ ಬರಲ್ಲ ಅಂತ.”

ಸುತ್ತ ಕೂತಿದ್ದವರೂ ನಕ್ಕರು. ಹೆಂಡತಿ ನಗಲಿಲ್ಲ. ಮನೆ ತಲುಪುವವರೆಗೂ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಮಾಮ ದಾರಿಯುದ್ದಕ್ಕೂ ಅವಳನ್ನೇ ನೋಡುತ್ತ ಬಂದ.

ಮುಂದಿನ ಸಲ ಹೊರಡುವ ಬೆಳಿಗ್ಗೆ ಅವನು ಅವಳನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಬಿಸಿನೀರಲ್ಲಿ ಹಿಂಡಿದ ಟವಲನ್ನು ಮುಖಕ್ಕೂ ಕೈಗೂ ಸುತ್ತಿದ. ಆಮೇಲೆ ಎಣ್ಣೆ ಹಚ್ಚಿ ಬೆರಳ ತುದಿಯಿಂದ ಭುಜದವರೆಗೆ ನೀವತೊಡಗಿದ.

“ಆಸ್ಪತ್ರೆಗೆ ಹೋಗೋ ಎರಡು ದಿನ ಮುಂಚೆಯಿಂದ ಬಿಸಿನೀರು, ಎಣ್ಣೆ ಏನೂ ಬೇಡ ಅಂದಿದಾರಲ್ರೀ ಡಾಕ್ಟರಮ್ಮ.”

“ಅಂದಿದಾರೆ. ನೆಂಟರ ಮನೆಗೆ ಹೋಗೋವಾಗ ತಲೆ ಬಾಚ್ಕೊಂಡು ಹೋಗಲ್ವಾ? ಇದೂ ಹಾಗೇ.”

“ಕಾಪಿ ಹೊಡೆದ ಹಾಗಲ್ವಾ?”

“ಪಕ್ಕದವರದ್ದು ನೋಡಿ ಬರೆದ್ರೆ ಕಾಪಿ. ಚರ್ಮ ನಿಂದು, ಕೈ ನಂದು. ಸುಮ್ನೆ ಕೂತ್ಕೋ.”

ಅವಳು ಕಣ್ಣು ಮುಚ್ಚಿ ಕೂತಳು. ಆವತ್ತು ಮೂರಿದ್ದದ್ದು ಕೆಲವು ಕಡೆ ಎರಡಾಯಿತು. “ಏನಾದ್ರೂ ಹಚ್ಚಿದ್ರಾ?” ಎಂದು ಡಾಕ್ಟರಮ್ಮ ಕೇಳಿದರು. “ಇಲ್ಲಮ್ಮ,” ಎಂದ ಮಾಮ. ಹೆಂಡತಿಯ ಬಿಗಿದ ತುಟಿಯಲ್ಲಿ ನೂಲೆಳೆಯಷ್ಟು ನಗು ಮೂಡಿತು. ಆ ನಗುವಿಗಾಗಿ ಮಾಮ ಇನ್ನೂ ಎಷ್ಟು ಸುಳ್ಳು ಬೇಕಾದರೂ ಹೇಳುತ್ತಿದ್ದ. ಹೇಳಿದ ಕೂಡ. ಪ್ರತಿ ಸಲವೂ ಟವಲು, ಎಣ್ಣೆ, ಮತ್ತೆ “ಇಲ್ಲಮ್ಮ.”

ಹೀಗೇ ಒಂದು ದಿನ ಆಸ್ಪತ್ರೆಯ ಬೆಂಚಿನಲ್ಲಿ ಅವರ ಪಕ್ಕಕ್ಕೆ ಕೂಸನ್ನೆತ್ತಿಕೊಂಡ ಹುಡುಗಿಯೊಬ್ಬಳು ಬಂದು ಕೂತಳು. ಹೋದ ಸಲ ಪರಿಚಯ ಆದವಳು. ಅವಳ ಬೆರಳಿಗೂ ಇದೇ ಕಾಯಿಲೆ, ಕೂಸಿನ ಅಂಗಿಯ ಗುಂಡಿ ಹಾಕಲಾಗದಷ್ಟು.

“ಅಕ್ಕಾ, ಮೂರಿದ್ದದ್ದು ಎರಡಾಯ್ತು ಅಂದ್ರಲ್ಲ, ನಿಮ್ಮ ಮಾತು ಕೇಳಿ ಧೈರ್ಯ ಬಂತು. ಬೇರೆ ಕಡೆ ನಡೀತಿದ್ದ ಔಷಧ ಬಿಟ್ಟು ಇದಕ್ಕೇ ಸೇರ್ಕೋತೀನಿ. ಇವತ್ತೇ ಸೈನು.”

“ಸೇರ್ಕೋಮ್ಮಾ,” ಎಂದು ಹೆಂಡತಿ ಕೂಸಿನ ಕೆನ್ನೆ ಸವರಿದಳು. ಅವಳ ಕೈಯಲ್ಲಿ ಬೆಳಗಿನ ಎಣ್ಣೆ ಇನ್ನೂ ಮಿನುಗುತ್ತಿತ್ತು. ಕೂಸಿನ ಕೆನ್ನೆಗೂ ಅಷ್ಟು ಅಂಟಿತು. ಅದನ್ನು ನೋಡಿದ ಮಾಮನಿಗೆ ಕೂತ ಬೆಂಚೇ ಚುಚ್ಚಿದ ಹಾಗಾಯಿತು. ಪಕ್ಕದವರದ್ದು ನೋಡಿ ಬರೆದರೆ ಮಾತ್ರ ಕಾಪಿ ಅಂದಿದ್ದ. ಈಗ ಪಕ್ಕದವಳೇ ಅವನ ಸುಳ್ಳನ್ನು ನೋಡಿ ಬರೆಯುತ್ತಿದ್ದಳು.

ಒಳಗೆ ಡಾಕ್ಟರಮ್ಮ ಚಿವುಟಿದರು. “ಎರಡು, ಒಂದು, ಎರಡು. ತುಂಬಾ ಒಳ್ಳೇದಾಗ್ತಿದೆ!” ಹೆಂಡತಿ ಅರಳಿದಳು.

ಮಾಮನಿಗೆ ನೇರ ಹೇಳುವ ಎದೆಯಿಲ್ಲ. “ಡಾಕ್ಟರಮ್ಮಾ... ಮಧ್ಯಾಹ್ನ ಇನ್ನೊಂದು ಸಲ ಚಿವುಟಿ ನೋಡ್ತೀರಾ?” ಎಂದ.

“ಯಾಕೆ?”

ಅವನು ಹೆಂಡತಿಯ ಮಿನುಗುವ ಕೈ ಕಡೆ ನೋಡಿದ. ಡಾಕ್ಟರಮ್ಮ ಅವನನ್ನು ನೋಡಿದರು, ಹೆಂಡತಿಯ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದರು. “ಆಗಲಿ. ಅಲ್ಲೀತನಕ ಕೈಗೆ ಏನೂ ಮಾಡಬೇಡಿ. ಮುಟ್ಟಲೂ ಬೇಡಿ,” ಎಂದರು.

ಹೊರಗಿನ ಓಣಿಯಲ್ಲಿ ಏಸಿ ಕೊರೆಯುತ್ತಿತ್ತು. ಹೆಂಡತಿ ಅವನಿಂದ ದೂರ ಸರಿದು ಕೂತಳು.

“ಮಾನ ಕಳೆದ್ರಲ್ಲ. ನಾಲ್ಕು ಜನರ ಎದುರು ನಗೋ ಹಾಗೆ ಮಾಡಿದ್ರಿ, ನೀವೇ ಆ ನಗು ಕಿತ್ಕೊಂಡ್ರಿ.”

“ಆ ಹುಡುಗಿ...”

“ನಂಗೇನು ಕಣ್ಣಿಲ್ವಾ? ಗೊತ್ತು.” ಓಣಿಯಾಚೆಯ ಕೂಸಿನ ಕಡೆ ನೋಡಿ, “ಗೊತ್ತಿದ್ದೇ ಸೇರ್ಕೋ ಅಂದೆ. ಅದು ಇನ್ನೂ ಕೆಟ್ಟದ್ದು,” ಎಂದಳು.

ಅವಳ ಬೆರಳು ಒಂದೊಂದಾಗಿ ಬೆಳ್ಳಗಾದವು. ಅವನ ಕೈ ತಾನಾಗಿಯೇ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡ. ಕೊನೆಗೆ ಎರಡೂ ಕೈಯನ್ನು ತನ್ನದೇ ತೊಡೆಯಡಿ ಒತ್ತಿಕೊಂಡು ಕೂತ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ.

ಮಧ್ಯಾಹ್ನ ಡಾಕ್ಟರಮ್ಮ ಮತ್ತೆ ಚಿವುಟಿದರು. ಎಲ್ಲೂ ಚರ್ಮ ಎತ್ತಲಾಗಲಿಲ್ಲ.

“ಹಿಂದಿನ ಸಲವೂ ಹೀಗೇ ಮಾಡಿದ್ರಾ?”

“ಎಲ್ಲಾ ಸಲ. ಇಲ್ಲಿಗೆ ಬರೋ ದಿನ ಬೆಳಿಗ್ಗೆ ಮಾತ್ರ,” ಎಂದಳು ಹೆಂಡತಿ, ಮಾಮ ಬಾಯಿ ಬಿಡುವ ಮೊದಲೇ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. “ಹಾಗಾದ್ರೆ ಔಷಧ ನಿಮಗೆ ಹಿಡಿದಿದೆಯೋ ಇಲ್ವೋ ನನಗೆ ಗೊತ್ತಿಲ್ಲ. ನಿಮ್ಮ ನಂಬರು ನಂಬೋ ಹಾಗಿಲ್ಲ.” ನರ್ಸಮ್ಮನ ಕಡೆ ತಿರುಗಿ, “ಆಚೆ ಕೂಸಿನ ಜೊತೆ ಇದಾಳಲ್ಲ, ಅವಳ ಸೈನ್ ಈಗ ಬೇಡ. ಹಳೇ ಔಷಧ ಬಿಡಬೇಡ ಅನ್ನು. ನಾನೇ ಮಾತಾಡ್ತೀನಿ,” ಎಂದರು.

ಬೈಯುತ್ತಾರೆಂದು ಮಾಮ ಕಾದ. ಅವರು ಬೈಯಲಿಲ್ಲ. “ಉಜ್ಜೋದು ತಪ್ಪಲ್ಲ ಯಜಮಾನ್ರೇ. ಇಲ್ಲಿಗೆ ಬರೋ ಮುಂಚಿನ ಎರಡು ದಿನ ಮಾತ್ರ ಬೇಡ ಅಂದಿದ್ದೆ. ಉಳಿದ ದಿನವೆಲ್ಲ ಉಜ್ಜಬಹುದಿತ್ತು, ಅವರಿಗೂ ಹಾಯಾಗಿರ್ತಿತ್ತು. ನಾನು ಬೇಡ ಅಂದ ದಿನವೇ ನೀವು ಉಜ್ಜಿ, ಬೇಕಾದ ದಿನವೆಲ್ಲ ಬಿಟ್ರಲ್ಲ, ಯಾಕೆ?”

ಮಾಮ ಎದ್ದು ಹೆಂಡತಿಯ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ.

ಬಸ್ ಸ್ಟಾಪಿನಲ್ಲಿ ಹೆಂಡತಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ಬಸ್ಸು ಬರುವ ದಾರಿ ನೋಡುತ್ತಲೇ ಹೇಳಿದಳು, “ಉಳಿದ ದಿನ ಯಾಕೆ ಉಜ್ಜಲಿಲ್ಲ ಅಂತ ಡಾಕ್ಟರಮ್ಮ ಕೇಳಿದ್ದಕ್ಕೆ ನೀವು ಹೇಳ್ಲೇ ಇಲ್ಲ.”

ಅಂಗಡಿ, ಗಿರಾಕಿ, ಪುರುಸೊತ್ತಿಲ್ಲ ಎಂದು ಏನಾದರೂ ಹೇಳಬಹುದಿತ್ತು. ಊರವರ ತಲೆಯನ್ನೆಲ್ಲ ದಿನಾ ನೀವಿ ಮಲಗಿಸುವ ಕೈ ಅದು. ಆದರೆ ಇವತ್ತು ಇನ್ನೊಂದು “ಇಲ್ಲಮ್ಮ” ಅವನ ಬಾಯಿಂದ ಬರಲಿಲ್ಲ.

“ನೆನಪೇ ಆಗ್ಲಿಲ್ಲ ಕಣೇ,” ಎಂದ.

ಅವಳು “ಹ್ಞೂ” ಅಂದಳು, ಅಷ್ಟೆ. ಬಸ್ಸು ಬಂತು. ಕಂಬಿ ಹಿಡಿಯಲು ಅವಳ ಬೆರಳು ಮಡಚಲಿಲ್ಲ. ಮಾಮ ಹಿಂದೆ ನಿಂತು ಮೊಣಕೈಗೆ ಆಸರೆ ಕೊಟ್ಟ. ಅವಳು ಬೇಡ ಅನ್ನಲಿಲ್ಲ, ತಿರುಗಿಯೂ ನೋಡಲಿಲ್ಲ.