ತನ್ನ ಹೂವು ತಾನೇ ಇಸಿದುಕೊಂಡವಳು

ಯುಗಾದಿ ಇನ್ನೇನು ಬಂತು ಎನ್ನುವ ಕಾಲ, ಬೆಳಗಿನ ಹತ್ತರ ಹೊತ್ತು. ಹೊರಗೆ ಹೇವರ್ಡ್ ಗುಡ್ಡಗಳು ಮಳೆ ಕುಡಿದು ಹಸಿರಾಗಿದ್ದವು. ಒಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಅಪ್ಪಾಸಾಹೇಬ ತನ್ನ ಹೆಂಡತಿಯ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಅಂಗೈಯಲ್ಲಿ ಲಿಂಗ ಇಡಬೇಕು. ಬೆರಳು ಮಾತು ಕೇಳುತ್ತಿರಲಿಲ್ಲ. ಇಷ್ಟು ದಿನ ಥಂಡಿ ಪೆಟ್ಟಿಗೆಯಲ್ಲಿದ್ದ ಕೈ. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿ ಹಾಗೇ ಕೂತಿತ್ತು. ಮೈ ತೊಳೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಬಿಡ ಮುಷ್ಟಿ," ಎಂದ ಮೆಲ್ಲಗೆ. "ಲಿಂಗ ಐತಿ, ಬ್ಯಾರೆ ಏನಲ್ಲ."

ದಾನವ್ವ ರಟ್ಟಿನ ಪೆಟ್ಟಿಗೆಯಲ್ಲಿ ಅಂಗಾತ ಮಲಗಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು. ಅದೊಂದನ್ನು ಅಪ್ಪಾಸಾಹೇಬ ಹಟ ಹಿಡಿದು ಉಡಿಸಿದ್ದ. ಉಳಿದದ್ದು ಯಾವುದೂ ಅವನ ಮಾತಿನಂತೆ ನಡೆದಿರಲಿಲ್ಲ. ಲಿಂಗವಂತರ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಇದು ಮಗ ಮಹಾಂತೇಶನಿಗೂ ಗೊತ್ತು. ಅವನ ಅಜ್ಜನಿಗೆ ಮೊದಲ ಹಿಡಿ ಮಣ್ಣು ಹಾಕಿದ್ದು ಅವನೇ, ಅಥಣಿಯ ಹೊರಗಿನ ತಮ್ಮದೇ ಹೊಲದಲ್ಲಿ.

ಟೈ ಕಟ್ಟಿದ ಬಿಳಿಯ ಮನುಷ್ಯನೊಬ್ಬ ಬಂದು ಮಹಾಂತೇಶನ ಕಿವಿಯಲ್ಲಿ ಏನೋ ಹೇಳಿ ಹೋದ.

"ಅಪ್ಪಾ, ಹನ್ನೊಂದಕ್ಕ ಒಳಗ ತಗೊಂಡ್ ಹೋಗ್ತಾರಂತ."

"ಒಳಗ ಅಂದ್ರ ಬೆಂಕಿ."

ಮಹಾಂತೇಶ ಗೋಡೆ ನೋಡಿದ.

"ನಮ್ಮ ಮನಿತನದಾಗ ಯಾರನ್ನೂ ಸುಟ್ಟಿಲ್ಲೋ ಮಹಾಂತ್ಯಾ."

ಸೊಸೆ ನಿರುಪಮಾ ಹತ್ತಿರ ಬಂದಳು. ಮೈಸೂರಿನ ಹೆಣ್ಣು, ದನಿ ಎಂದೂ ಏರಿಸಿದವಳಲ್ಲ. "ಮಾವ, ನಾವು ಶನಿವಾರವೇ ಮಾತಾಡಿದ್ವಲ್ಲ. ಇಲ್ಲಿ ಹೂಳಿದ್ರೆ ಕಲ್ಲು ಇಡಬೇಕು. ಕಲ್ಲಿನ ಮೇಲೆ ಹೆಸರು, ತಾರೀಖು ಕೆತ್ತುತ್ತಾರೆ."

"ಕಲ್ಲ ಬ್ಯಾಡ. ಬರೇ ಮಣ್ಣ ಕೊಡ್ರಿ."

"ಕಲ್ಲಿಲ್ದಿದ್ರೂ ಅವರ ವೆಬ್‌ಸೈಟಲ್ಲಿ ಹೆಸರು ಬರತ್ತೆ. ಯಾರು ಬೇಕಾದ್ರೂ ಹುಡುಕಬಹುದು. ತನ್ವಿ ಕಾಲೇಜಿನವರಿಗೆ ಗೊತ್ತಾದ್ರೆ ಸೀಟೇ ತೆಗೆದು ಹಾಕ್ತಾರೆ. ಅತ್ತೆ ಇದ್ದಿದ್ರೆ ಅವರೇ ಬೇಡ ಅಂತಿದ್ರು."

ಮೊಮ್ಮಗಳು ತನ್ವಿ ಮೂಲೆಯ ಕುರ್ಚಿಯಲ್ಲಿ ಕೂತು ಮೊಣಕಾಲು ನೋಡಿಕೊಳ್ಳುತ್ತಿದ್ದಳು. ಕಾಲೇಜಿನ ಮೊದಲ ವರ್ಷ. ವಸಂತದ ರಜೆಗೆ ಮನೆಗೆ ಬಂದಿದ್ದಳು. ಅವಳ ಪಕ್ಕದ ಕುರ್ಚಿಗಳೆಲ್ಲ ಖಾಲಿ. ಕನ್ನಡ ಕೂಟಕ್ಕೆ ಸುದ್ದಿ ಹೋಗಿರಲಿಲ್ಲ. ಫೇಸ್‌ಬುಕ್ಕಿಗೆ ಫೋಟೋ ಹಾಕಿರಲಿಲ್ಲ. ಪಕ್ಕದ ಮನೆಯ ಆಶಾಲತಾ ಮಾತ್ರ ಆಂಬುಲೆನ್ಸು ನೋಡಿದ್ದರಿಂದ ಬಂದಿದ್ದಳು. ಉಡುಪಿಯವಳು, ಮನಸ್ಸಿನಲ್ಲಿದ್ದದ್ದು ನಾಲಗೆಗೆ ಬರಲು ಹೊತ್ತು ಬೇಡ.

"ಎಂತ ಮಾರಾಯ್ರೆ," ಎಂದಳು ಅವಳು, ಖಾಲಿ ಕುರ್ಚಿಗಳನ್ನು ನೋಡಿ. "ನಿಮ್ಮ ಸತ್ಯನಾರಾಯಣ ಪೂಜೆಗೆ ಕಾರು ನಿಲ್ಲಿಸ್ಲಿಕ್ಕೆ ಜಾಗ ಸಿಗುವುದಿಲ್ಲ. ಇವತ್ತು ದಾನಕ್ಕನನ್ನು ಸೇರಿಸಿದರೂ ಆರೇ ಜನ."

ದಾನವ್ವ ಸತ್ತ ಸುದ್ದಿಯನ್ನು ಹೊಸದಾಗಿ ಹೇಳುವ ಹಾಗಿರಲಿಲ್ಲ. ಅದು ಎರಡು ವರ್ಷದ ಹಿಂದೆಯೇ ಹೇಳಿ ಮುಗಿದಿತ್ತು.

*

ದಾನವ್ವ ಗಂಡನ ಜೊತೆ ಪರದೇಶಕ್ಕೆ, ಮಗನ ಊರು ಫ್ರೀಮಾಂಟಿಗೆ ಬಂದ ಹೊಸದರಲ್ಲಿ ಅಡಿಗೆಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಸೊಸೆಯ ಆಫೀಸಿನ ಮೀಟಿಂಗುಗಳು ಕೆಟ್ಟವು. ಆಮೇಲೆ ಅವಳು ಗ್ಯಾರೇಜಿಗೆ ಹೋದಳು. ಬಟ್ಟೆ ಒಗೆಯುವ ಯಂತ್ರದ ಪಕ್ಕ ಒಂದು ಮಣೆ, ಹಿಟ್ಟು ನಾದುವ ಒಂದು ಕೊಣಮಿಗೆ, ಒಂದು ಕರೆಂಟಿನ ಒಲೆ. ಸಿಮೆಂಟಿನ ನೆಲದ ಮೇಲೆ ಕಾಲು ಚಾಚಿ ಕೂತು ಬಡಿದರೆ ಊರಿನ ಹಾಗೇ ಕೇಳುತ್ತದೆ ಎನ್ನುತ್ತಿದ್ದಳು.

ತನ್ವಿ ಹೈಸ್ಕೂಲು ಮುಗಿಯಲು ಇನ್ನೊಂದು ವರ್ಷ ಇರುವಾಗ ಬರೆದ ಪ್ರಬಂಧ ಆ ರೊಟ್ಟಿಯದು. ಇಂಗ್ಲಿಷ್ ತರಗತಿಯ ಟೀಚರು ಅಂಚಿನಲ್ಲಿ ಒಂದು ಸಾಲು ಗೀಚಿ ಹಿಂದೆ ಕೊಟ್ಟರು: ಚೆನ್ನಾಗಿದೆ, ಆದರೆ ಇದರಲ್ಲಿ ನೀನು ಕಳೆದುಕೊಂಡದ್ದೇನು? ಹುಡುಗಿ ತಿದ್ದಿದಳು. ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಬರೆದಾಗ ಪ್ರಬಂಧದಲ್ಲಿ ಆಯಿಗೆ, ಅಂದರೆ ಅಜ್ಜಿಗೆ, ಕಾಯಿಲೆ ಬಂತು. ನಾಲ್ಕನೆಯ ಸಲ ಆಯಿ ಸತ್ತಳು. ಟೀಚರು ಅದನ್ನು ಇಡೀ ತರಗತಿಗೆ ಓದಿ ಹೇಳಿದರಂತೆ, ಓದುತ್ತ ತಾವೇ ಅತ್ತರಂತೆ.

ಅತ್ತವರು ಸುಮ್ಮನಿರಬೇಕಲ್ಲ, ಮನೆಗೆ ಹೂವು ಕಳಿಸಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲು ತೆರೆದವಳು ದಾನವ್ವ. ಬಿಳಿ ಹೂವಿನ ದೊಡ್ಡ ಗೊಂಚಲು. ಅಷ್ಟು ಹೂವು ತನ್ನ ಲಗ್ನದಲ್ಲೂ ಬಂದಿರಲಿಲ್ಲ ಎಂದು ಹಿಗ್ಗಿ, ನೀರಿನ ಬೋಗುಣಿಯಲ್ಲಿಟ್ಟು, ಎರಡು ಹೂವು ಬಸವಣ್ಣನ ಪಟಕ್ಕೆ ಏರಿಸಿ, ಜೊತೆಗಿದ್ದ ಚೀಟಿ ಹಿಡಿದುಕೊಂಡು ಆಶಾಲತಾಳ ಬಾಗಿಲು ಬಡಿದಳು. ಆಶಾಲತಾ ಓದಿದಳು, ಓದಿ ಚೀಟಿ ಮಡಿಸಿದಳು. ಬಿಡದೆ ಕೇಳಿದ ಮೇಲೆ ಹೇಳಿದಳು.

ಸಂಜೆ ಅಪ್ಪಾಸಾಹೇಬ ಪಾರ್ಕಿನಿಂದ ಬಂದಾಗ ದಾನವ್ವ ಬೋಗುಣಿಯ ಮುಂದೆ ಕೂತಿದ್ದಳು. "ನನ್ನ ಹೆಣದ ಹೂವ ನಾನ ಇಸ್ಕೊಂಡೆ ನೋಡ್ರಿ," ಎಂದಳು. ನಕ್ಕಳೋ ಏನೋ, ಅವನಿಗೆ ಇಂದಿಗೂ ತಿಳಿಯದು.

ವರ್ಷದ ಕೊನೆಗೆ ತರಗತಿಯ ಮಕ್ಕಳೆಲ್ಲ ತಾವು ಬರವಣಿಗೆಯಲ್ಲಿ ಎಷ್ಟು ಬೆಳೆದೆವು ಎಂದು ಒಂದು ಹಾಳೆ ಬರೆದು ಕೊಡಬೇಕಿತ್ತು. ಮಹಾಂತೇಶ ಮಗಳಿಂದ ಅದನ್ನು ಊಟದ ಮೇಜಿನಲ್ಲಿ ಓದಿಸಿದ, ಸಾಲುಸಾಲಿಗೂ ತಾನೇ ಕನ್ನಡದಲ್ಲಿ ಹೇಳಿದ. ಮೊದಲು ನಾನು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೆ. ಅದು ಬರಹವಲ್ಲ, ವರದಿ ಎಂದು ಈಗ ತಿಳಿಯಿತು. ಬರೆಯುವವರು ತಮ್ಮವರನ್ನು ಕಳೆದುಕೊಳ್ಳಲು ತಯಾರಿರಬೇಕು. ಈ ವರ್ಷ ನಾನು ಅಷ್ಟು ಧೈರ್ಯ ಕಲಿತೆ.

ದಾನವ್ವ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. "ಸತ್ತಾಗ ನಾ ಏನ್ ಉಟ್ಟಿದ್ನಿ?" ಎಂದಳು.

ತನ್ವಿ ಅಪ್ಪನ ಮುಖ ನೋಡಿ, "ವೈಟ್ ಸಾರಿ, ಆಯಿ," ಎಂದಳು.

"ಗಂಡ ಇಲ್ಲೇ ಕುಂತು ಉಣ್ಣಾಕತ್ತಾನ, ಬಿಳೀ ಸೀರಿ ಹೆಂಗ್ ಉಡ್ಲಿ? ಇಳಕಲ್ ಸೀರಿ ಉಡಸು. ಆಮ್ಯಾಲ ಏನ್ ಮಾಡಿದ್ರಿ ನನ್ನ?"

ಸುಟ್ಟು ಬೂದಿಯನ್ನು ಸಮುದ್ರದಲ್ಲಿ ಬಿಟ್ಟರು, ಕೊನೆಯ ಸಾಲು ಅದೇ, ಟೀಚರಿಗೆ ಅದೇ ಬಹಳ ಹಿಡಿಸಿದ್ದು ಎಂದು ಮಹಾಂತೇಶ ಹೇಳಿದ.

"ನಮ್ಮನ್ನ ಸುಡೂದಿಲ್ಲವ್ವಾ. ಮಣ್ಣಾಗ ಕೂಡಸತಾರ. ಅಷ್ಟರ ಖರೇ ಬರಿ."

ತನ್ವಿ ನಾಳೆ ಬದಲಿಸುತ್ತೇನೆ ಎಂದಳು. ಬದಲಿಸಲಿಲ್ಲ. ಆ ಪ್ರಬಂಧವೇ ಮುಂದೆ ಕಾಲೇಜಿನ ಅರ್ಜಿಯ ಜೊತೆ ಹೋಯಿತು. ಹೆಸರಾದ ಕಾಲೇಜು, ಸೀಟು ಸಿಕ್ಕಿತು.

*

ಸತ್ತವಳು ಬದುಕಿರುವುದೆಂದರೆ ಸುಲಭದ ಕೆಲಸವಲ್ಲ. ತನ್ವಿಯ ಗೆಳತಿಯರು ಮನೆಗೆ ಬರುವ ದಿನ ದಾನವ್ವ ಗ್ಯಾರೇಜಿಗೆ ಹೋಗಿಬಿಡಬೇಕು. ಅವರು ಹೋಗುವ ತನಕ ರೊಟ್ಟಿ ಬಡಿಯುವಂತಿಲ್ಲ. ಯಾರೂ ಹೀಗೆ ಮಾಡು ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಮೊದಲ ಸಲ ನಿರುಪಮಾ, "ಅತ್ತೆ, ಒಂದು ಹತ್ತು ನಿಮಿಷ," ಎಂದಿದ್ದಳು, ಅಷ್ಟೇ. ಹೈಸ್ಕೂಲು ಮುಗಿದ ಸಮಾರಂಭಕ್ಕೆ ಎಲ್ಲರೂ ಹೊರಟಾಗ ದಾನವ್ವ ಬಾಗಿಲಲ್ಲಿ ನಿಂತು ಗಂಡನಿಗೆ, "ನೀವು ಹೋಗ್ರಿ. ನೀವಿನ್ನೂ ಸತ್ತಿಲ್ಲ," ಎಂದಳು. ಅವನು ಹೋದ. ಹೋಗಿ ಚಪ್ಪಾಳೆ ತಟ್ಟಿದ. ಟೀಚರು ಅವನ ಎರಡೂ ಕೈ ಹಿಡಿದುಕೊಂಡು ದುಃಖದಿಂದ ಏನೋ ಹೇಳಿದರು, ಅವನು ತಲೆಯಾಡಿಸಿದ.

ಹೋದ ಗುರುವಾರ ಮಧ್ಯಾಹ್ನ ಹಳೆಯ ಗೆಳತಿಯರು ಮತ್ತೆ ಬಂದರು. ದಾನವ್ವ ಕಲಸಿದ ಹಿಟ್ಟನ್ನೇ ತೆಗೆದುಕೊಂಡು ಗ್ಯಾರೇಜಿಗೆ ಹೋದಳು. ಅಪ್ಪಾಸಾಹೇಬ ಕೋಲು ಹಿಡಿದು ಕೆರೆಯ ಪಾರ್ಕಿಗೆ ಹೋದ. ಹೊತ್ತು ಮುಳುಗುವಾಗ ಅವನು ಮರಳಿ ಬಂದರೆ ಹುಡುಗಿಯರು ಹೋಗಿದ್ದರು, ಟಿ.ವಿ. ನಡೆದಿತ್ತು. ಗ್ಯಾರೇಜಿನಲ್ಲಿ ದಾನವ್ವ ಅಡಿಗೆಮನೆಗೆ ತೆರೆಯುವ ಬಾಗಿಲಿಗೆ ಒರಗಿ ಕೂತಿದ್ದಳು. ಮಣೆ ಅಷ್ಟು ದೂರದಲ್ಲಿತ್ತು. ಕೊಣಮಿಗೆಯ ಹಿಟ್ಟು ಬಿರುಕು ಬಿಟ್ಟಿತ್ತು.

ಹೃದಯ ನಿಂತಿತು, ಒಮ್ಮೆಗೇ ಹೋದರು, ಅವರಿಗೇ ಗೊತ್ತಾಗಿರಲಿಕ್ಕಿಲ್ಲ ಎಂದು ಆಂಬುಲೆನ್ಸಿನವರು ಅಂದದ್ದನ್ನು ಮಹಾಂತೇಶ ಕನ್ನಡದಲ್ಲಿ ಹೇಳಿದ. ಮಣೆಯಿಂದ ಬಾಗಿಲ ತನಕ ಅವಳು ಹೇಗೆ ಬಂದಳು ಎಂದು ಅಪ್ಪಾಸಾಹೇಬ ಕೇಳಲಿಲ್ಲ. ಕೇಳದೆ ಮನಸ್ಸಿನಲ್ಲಿಟ್ಟುಕೊಂಡ.

*

ಕೊನೆಗೂ ಬೆರಳು ಬಿಟ್ಟವು. ಲಿಂಗವಿಟ್ಟು ಮುಷ್ಟಿ ಮುಚ್ಚಿ, ಹಣೆಗೆ ವಿಭೂತಿ ಎಳೆದು, ಅಪ್ಪಾಸಾಹೇಬ ಗೋಡೆಗೆ ಕೈಯೂರಿ ನಿಂತ. ಮಗ ಸೊಸೆ ಟೈ ಕಟ್ಟಿದವನ ಜೊತೆ ಹೊರಗೆ ಮಾತಾಡುತ್ತಿದ್ದರು. ಆಶಾಲತಾ ಅವನ ಹತ್ತಿರ ಸರಿದಳು.

"ಶನಿವಾರ ನಿಮ್ಮ ಕೈಯಿಂದ ಸೈನ್ ಹಾಕಿಸಿದರಾ?"

"ಹಾಕಿಸಿದ್ರು. ದವಾಖಾನಿ ಕಾಗದ ಅಂದ್ರು."

"ದವಾಖಾನೆಯದ್ದಲ್ಲ ಅದು, ಸುಡ್ಲಿಕ್ಕೆ ಒಪ್ಪಿಗೆಯದ್ದು. ಇಲ್ಲಿಯ ಕಾನೂನಲ್ಲಿ ಗಂಡನದ್ದೇ ಮೊದಲ ಮಾತು. ನೀವು ಈಗ ಬೇಡ ಅಂದರೂ ಅವರು ನಿಲ್ಲಿಸ್ಲೇಬೇಕು. ಕನ್ನಡದಲ್ಲೇ ಹೇಳಿ, ಇಂಗ್ಲಿಷಲ್ಲಿ ನಾನು ಹೇಳ್ತೇನೆ."

ಅಪ್ಪಾಸಾಹೇಬ ಅವಳನ್ನೇ ನೋಡಿದ. ಬೇಡ ಅನ್ನುವ ಅಧಿಕಾರ ತನಗಿದೆ ಎಂದು ಈ ಊರಿಗೆ ಬಂದ ಮೇಲೆ ಅವನು ಕೇಳಿದ್ದು ಇದೇ ಮೊದಲು. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಬಾಗಿಲ ಕಡೆ ನಡೆದ. ಸಾಲು ಮಾಡಿಟ್ಟ ಖಾಲಿ ಕುರ್ಚಿಗಳನ್ನು ದಾಟುವಷ್ಟರಲ್ಲಿ ಯಾರೋ ಅವನ ಮೊಣಕೈ ಹಿಡಿದರು. ತನ್ವಿ.

"ಅಜ್ಜಾ. ಆಯಿ ನಾಕ್ ಮಾಡಿದ್ರು."

ಅವನಿಗೆ ತಿಳಿಯಲಿಲ್ಲ.

"ಗ್ಯಾರೇಜ್ ಡೋರು. ನಾನು ಕೇಳಿದೆ, ಅಜ್ಜಾ. ಐ ಹರ್ಡ್ ಇಟ್."

ಉಳಿದದ್ದನ್ನು ಅವಳು ಅರ್ಧ ಆ ಭಾಷೆಯಲ್ಲಿ, ಅರ್ಧ ಈ ಭಾಷೆಯಲ್ಲಿ ಹೇಳಿದಳು. ಗೆಣ್ಣಿನಿಂದ ಬಡಿದ ಸದ್ದಲ್ಲ, ಅಂಗೈಯಿಂದ, ರೊಟ್ಟಿ ಬಡಿದ ಹಾಗೆ. ಒಬ್ಬ ಗೆಳತಿ, ಅದೇನು ಸದ್ದು ಎಂದಳು. ಡ್ರೈಯರು ಎಂದು ತನ್ವಿ ಹೇಳಿದಳು, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಸದ್ದು ನಿಂತಿತು.

ಅಪ್ಪಾಸಾಹೇಬನ ಕೈ ಟವೆಲಿನ ಮೇಲೆಯೇ ಉಳಿಯಿತು. ಡ್ರೈಯರು ಎನ್ನುವ ಶಬ್ದ ದಾನವ್ವನಿಗೆ ಗೊತ್ತಿತ್ತು. ದಿನಾ ಅದಕ್ಕೆ ಬಟ್ಟೆ ತುಂಬುತ್ತಿದ್ದವಳು ಅವಳೇ.

ಮಣೆಯಿಂದ ಬಾಗಿಲ ತನಕ ಬಂದವಳು, ಬಾಗಿಲಾಚೆ ಮೊಮ್ಮಗಳ ದನಿ ಕೇಳಿ, ಕೈ ಕೆಳಗಿಳಿಸಿ ಕೂತಳು. ಬೇಕೆಂದೇ ಕೂತಳು. ಈಗ ಹೊರಗೆ ಹೋಗಿ ಬೇಡ ಎಂದು ಕೂಗಿದರೆ, ಮಣ್ಣು, ಕಲ್ಲು, ಹೆಸರು, ತಾರೀಖು, ಎಲ್ಲವೂ ಅವಳಿಗೆ ಸಿಕ್ಕೀತು. ಅವಳು ಬಾಯಿ ಮುಚ್ಚಿಕೊಂಡು ಉಳಿಸಿ ಹೋದದ್ದು ಮಾತ್ರ ಉಳಿಯದು.

"ಇದನ್ನ ಎಲ್ಲೂ ಬರೀಬ್ಯಾಡ," ಎಂದ ಅವನು.

ತನ್ವಿಯ ಕಣ್ಣು ಒದ್ದೆಯಾಗಿತ್ತು. ಆದರೂ ಅದರೊಳಗೆ ಏನನ್ನೋ ಹದ ನೋಡುವ ನೋಟವೊಂದಿತ್ತು. ಹಿಟ್ಟು ಬಂತೋ ಇಲ್ಲವೋ ಎಂದು ಬೆರಳಲ್ಲಿ ಒತ್ತಿ ನೋಡುವಾಗ ದಾನವ್ವನ ಕಣ್ಣಲ್ಲೂ ಅದೇ ನೋಟ ಇರುತ್ತಿತ್ತು.

ಮಹಾಂತೇಶ ಒಳಗೆ ಬಂದು, "ಹೊತ್ತಾತು, ಅಪ್ಪಾ," ಎಂದ. ಆಶಾಲತಾ ಮುಂದೆ ಬಂದು ಮುದುಕನ ಬಾಯನ್ನೇ ನೋಡಿದಳು. ಆ ಬಾಯಿ ತೆರೆಯಲಿಲ್ಲ.

ಟೈ ಕಟ್ಟಿದವನು ಪೆಟ್ಟಿಗೆಯ ಮುಚ್ಚಳ ಹಾಕಿದ. ಅಪ್ಪಾಸಾಹೇಬ ಒಂದು ನಿಮಿಷ ಎಂದು ಕೈ ತೋರಿದ. ವಿಭೂತಿ ಗಟ್ಟಿಯನ್ನು ಕಾಗದದ ಲೋಟದ ನೀರಿನಲ್ಲಿ ಅದ್ದಿ ತೇಯ್ದು, ಬಗ್ಗಿ, ತೋರುಬೆರಳಿನಿಂದ ಮುಚ್ಚಳದ ಮೇಲೆ ಬರೆಯತೊಡಗಿದ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು. ಒಂದೊಂದು ಅಕ್ಷರಕ್ಕೂ ನಿಂತು ಉಸಿರು ತೆಗೆದುಕೊಂಡ. ಒದ್ದೆ ಬೆರಳಿನ ಜಾಡು ರಟ್ಟಿನ ಮೇಲೆ ಕಂಡೂ ಕಾಣದಂತಿತ್ತು.

ಅದೇನು ಎಂದು ಟೈ ಕಟ್ಟಿದವನು ಕೇಳಿದ. ಮಹಾಂತೇಶ, "ಪ್ರೇಯರ್," ಎಂದ. ನಿರುಪಮಾ ಬಗ್ಗಿ ಓದಿದಳು. ಓದಿ ಆ ಕಡೆ ತಿರುಗಿದಳು.

"ಅಜ್ಜಾ, ಏನು ಬರೆದ್ರಿ?" ಎಂದಳು ತನ್ವಿ. ಅವಳಿಗೆ ಆ ಅಕ್ಷರ ಬಾರದು. ಅವನು ಬೆರಳನ್ನು ಟವೆಲಿಗೆ ಒರೆಸಿಕೊಂಡ.

ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ತಳ್ಳಿಕೊಂಡು ಹೋದ ಮೇಲೆ ಮಹಾಂತೇಶ ಕುಲುಮೆಯ ಗುಂಡಿ ಒತ್ತಿದ. ಉಕ್ಕಿನ ಬಾಗಿಲು ಮೇಲೆದ್ದಿತು, ಒಳಗಿನ ಕಾವು ಮುಖಕ್ಕೆ ಬಡಿಯಿತು. ಪೆಟ್ಟಿಗೆ ಉರುಳೆಗಳ ಮೇಲೆ ಮುಂದೆ ಸರಿಯಿತು. ಸರಿದಂತೆ ಆ ಕಾವಿಗೆ ನೀರು ಆರಿತು, ನೀರು ಆರಿದಂತೆ ವಿಭೂತಿ ಬೆಳ್ಳಗೆ ಎದ್ದಿತು, ಅಂಕುಡೊಂಕು ಅಕ್ಷರ, ದೂರದಿಂದಲೂ ಓದುವಷ್ಟು ದೊಡ್ಡದು: ದಾನವ್ವ ಹೋದಳು. ಗುರುವಾರ.